ನೀರು ಯಾವ ಕಡೆ ಹರಿಯುತ್ತಿದೆ? ಸಾಫ್ಟ್‌ವೇರಿನ ನಕ್ಷೆ ಬಿಡಿಸುವ ಬಗ್ಗೆ

(ಬಸವನಗುಡಿಯಲ್ಲಿ ಒಂದು ಶನಿವಾರ ಸಂಜೆ, ಸಾಫ್ಟ್‌ವೇರ್ ಕೆಲಸ ಮಾಡುವ ಕನ್ನಡದ ಗೆಳೆಯರು ಸೇರಿದ್ದಾಗ ಆಡಿದ ಮಾತುಗಳ ಬರಹ ರೂಪ. ಬೋರ್ಡಿನ ಮೇಲೆ ಬಿಡಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಕೆಲಸಕ್ಕೆ ಸೇರಿದ ಮೊದಲ ಕಂಪನಿಯಲ್ಲಿ ಒಂದು ಗೋಡೆ ತುಂಬ ನಕ್ಷೆ ಇತ್ತು. ಹದಿನೆಂಟೋ ಇಪ್ಪತ್ತೋ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಟೇಪ್ ಅಂಟಿಸಿದ್ದರು. ತುಂಬ ಚೌಕಗಳು, ಚೌಕದಿಂದ ಚೌಕಕ್ಕೆ ಬಾಣಗಳು. ನಡುವೆ ಬಾಣಗಳು ಎಷ್ಟು ದಟ್ಟವಾಗಿದ್ದವು ಎಂದರೆ ಅಲ್ಲಿ ಕಾಗದವೇ ಕಪ್ಪಾಗಿ ಕಾಣುತ್ತಿತ್ತು. ಹೊಸಬರು ಬಂದರೆ ಅದರ ಮುಂದೆ ಕರೆದುಕೊಂಡು ಹೋಗಿ, "ನೋಡಪ್ಪ, ಇದೇ ನಮ್ಮ ಸಿಸ್ಟಮ್" ಎನ್ನುತ್ತಿದ್ದರು. ನನಗೂ ತೋರಿಸಿದರು.

ಅವತ್ತೇ ಮಧ್ಯಾಹ್ನ ಒಂದು ಸಣ್ಣ ಬದಲಾವಣೆಯ ಕೆಲಸ ಬಂತು. ಎಲ್ಲಿ ಕೈ ಹಾಕಬೇಕು, ಕೈ ಹಾಕಿದರೆ ಇನ್ನೆಲ್ಲಿ ಏನಾಗುತ್ತದೆ ಎಂದು ತಿಳಿಯಲು ಮತ್ತೆ ಆ ಗೋಡೆ ಹತ್ತಿರ ಹೋದೆ. ಅರ್ಧ ಗಂಟೆ ನಿಂತೆ. ಏನೂ ಹೊಳೆಯಲಿಲ್ಲ. ಕೊನೆಗೆ ಪಕ್ಕದ ಸೀಟಿನ ಹಿರಿಯರೊಬ್ಬರನ್ನು ಕೇಳಿದೆ. ಅವರು ಒಂದು ಹಳೇ ಕವರಿನ ಹಿಂದೆ ಐದು ಚೌಕ, ನಾಲ್ಕು ಗೆರೆ ಎಳೆದು ತೋರಿಸಿದರು. ಎರಡೇ ನಿಮಿಷ. ಅರ್ಥ ಆಯಿತು.

ಗೋಡೆಯ ನಕ್ಷೆಯಲ್ಲಿ ತಪ್ಪೇನೂ ಇರಲಿಲ್ಲ. ಯಾರೋ ತಿಂಗಳುಗಟ್ಟಲೆ ಕೂತು, ಪ್ರೀತಿಯಿಂದ ಮಾಡಿದ ಕೆಲಸ ಅದು. ಆದರೆ ಅದು ಯಾರ ಪ್ರಶ್ನೆಗೂ ಉತ್ತರವಾಗಿರಲಿಲ್ಲ. ಕವರಿನ ಹಿಂದೆ ಇದ್ದದ್ದು ನನ್ನ ಪ್ರಶ್ನೆಗೆ ಉತ್ತರ. ಇಷ್ಟು ವರ್ಷ ಈ ಕೆಲಸ ಮಾಡಿದ ಮೇಲೂ ನನ್ನನ್ನು ಕಾಡುವುದು ಆ ಎರಡು ಚಿತ್ರಗಳ ನಡುವಿನ ವ್ಯತ್ಯಾಸವೇ. ಇವತ್ತು ಅದರ ಬಗ್ಗೆ ಮಾತಾಡುತ್ತೇನೆ.

ಮನೆ ಕಟ್ಟುವಾಗ ಪ್ಲಾನ್ ಇರುತ್ತದೆ. ಅಡುಗೆಮನೆ ಪಕ್ಕ ದೇವರಮನೆ ಎಂದು ಪ್ಲಾನಿನಲ್ಲಿದ್ದರೆ ಕಟ್ಟಿದ ಮೇಲೂ ಅದು ಪಕ್ಕದಲ್ಲೇ ಇರುತ್ತದೆ. ಕಾಗದದ ಮೇಲಿನ ಜಾಗಕ್ಕೂ ನೆಲದ ಮೇಲಿನ ಜಾಗಕ್ಕೂ ತಾಳೆ ಇದೆ. ಸಾಫ್ಟ್‌ವೇರಿಗೆ ಆ ಅನುಕೂಲ ಇಲ್ಲ. ಐಬಿಎಂನಲ್ಲಿ ಓಎಸ್ 360 ಎನ್ನುವ ಆಪರೇಟಿಂಗ್ ಸಿಸ್ಟಮ್ ಕಟ್ಟುವ ಕೆಲಸದ ಮುಂದಾಳಾಗಿದ್ದ ಫ್ರೆಡ್ ಬ್ರೂಕ್ಸ್ 1986ರಲ್ಲಿ ಒಂದು ಪ್ರಬಂಧ ಬರೆದರು. ಸಾಫ್ಟ್‌ವೇರ್ ಕಟ್ಟುವುದು ಯಾಕೆ ಇಷ್ಟು ಕಷ್ಟ ಎನ್ನುವುದಕ್ಕೆ ಅವರು ಕೊಟ್ಟ ನಾಲ್ಕು ಕಾರಣಗಳಲ್ಲಿ ಒಂದು, ಅದು ಕಣ್ಣಿಗೆ ಕಾಣುವುದಿಲ್ಲ ಎನ್ನುವುದು. ಅದು ಯಾವ ಜಾಗದಲ್ಲೂ ಕೂತಿಲ್ಲ. ಬಿಡಿಸಲು ಹೊರಟರೆ ಒಂದೇ ಚಿತ್ರ ಸಿಗುವುದಿಲ್ಲ, ಒಂದರ ಮೇಲೊಂದು ಹಲವು ಸಿಗುತ್ತವೆ. ಯಾವುದು ಯಾವುದನ್ನು ಕರೆಯುತ್ತದೆ, ಡೇಟಾ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಯಾವುದು ಯಾವುದನ್ನು ನೆಚ್ಚಿಕೊಂಡಿದೆ, ಯಾವುದಾದ ಮೇಲೆ ಯಾವುದು ನಡೆಯುತ್ತದೆ. ಒಂದೊಂದಕ್ಕೂ ಬೇರೆ ಚಿತ್ರ.

ಬ್ರೂಕ್ಸ್ ಇದನ್ನು ಕೊರತೆ ಎಂದು ನೋಡಿದರು. ನನಗೆ ಹಾಗನ್ನಿಸುವುದಿಲ್ಲ. ಹಲವು ಚಿತ್ರಗಳಿವೆ ಎಂದರೆ ಆರಿಸಿಕೊಳ್ಳಬಹುದು ಎಂದೇ ಅರ್ಥ. ಎಲ್ಲವನ್ನೂ ಒಂದೇ ಹಾಳೆಗೆ ತುಂಬಲು ಹೋದಾಗ ಮಾತ್ರ ಕಾಗದ ಕಪ್ಪಾಗುತ್ತದೆ. ಲೆಕ್ಕವನ್ನೇ ನೋಡಿ. ಎಂಟು ಮಾಡ್ಯೂಲ್, ಅಂದರೆ ಸಾಫ್ಟ್‌ವೇರಿನ ಎಂಟು ಬಿಡಿ ಭಾಗ ಇದ್ದರೆ, ಒಂದೊಂದರಿಂದ ಉಳಿದ ಏಳಕ್ಕೂ ಎಂದರೆ ಅವುಗಳ ನಡುವೆ 56 ಬಾಣಗಳಿಗೆ ಜಾಗ ಇದೆ. ನೂರು ಮಾಡ್ಯೂಲ್ ಆದರೆ 9,900. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ 1991ರಲ್ಲಿ ಹೊರಬಂದಾಗ ಸುಮಾರು ಹತ್ತು ಸಾವಿರ ಸಾಲು ಕೋಡ್ ಇತ್ತು, ಈಗ ಮೂರು ಕೋಟಿ ದಾಟಿದೆ. ಅದನ್ನೆಲ್ಲ ಗೋಡೆ ಮೇಲೆ ಅಂಟಿಸುತ್ತೇನೆ ಎಂದು ಹೊರಟರೆ ಗೋಡೆ ಸಾಲುವುದಿಲ್ಲ.

ನಿಮ್ಮಲ್ಲಿ ತುಂಬ ಜನ ಇವತ್ತು ಮೆಟ್ರೋದಲ್ಲಿ ಬಂದಿದ್ದೀರಿ. ಬಾಗಿಲ ಮೇಲೆ ಅಂಟಿಸಿರುವ ನಕ್ಷೆ ನೋಡಿರುತ್ತೀರಿ. ನೇರಳೆ ಗೆರೆ, ಹಸಿರು ಗೆರೆ, ಎರಡೂ ಸೇರುವುದು ಮೆಜೆಸ್ಟಿಕ್‌ನಲ್ಲಿ. 2025ರ ಆಗಸ್ಟ್‌ನಲ್ಲಿ ಹಳದಿ ಗೆರೆ ಬಂತು, ಅದು ಆರ್.ವಿ. ರೋಡಿನಲ್ಲಿ ಹಸಿರಿಗೆ ಸೇರುತ್ತದೆ. ಆ ನಕ್ಷೆಯಲ್ಲಿ ರಸ್ತೆ ಇಲ್ಲ, ಕೆರೆ ಇಲ್ಲ, ಎರಡು ನಿಲ್ದಾಣಗಳ ನಡುವೆ ನಿಜವಾಗಿ ಎಷ್ಟು ದೂರ ಎನ್ನುವುದೂ ಇಲ್ಲ. ಆದರೂ ಯಾರೂ ದಾರಿ ತಪ್ಪುವುದಿಲ್ಲ. ಬೋಗಿಯೊಳಗೆ ನಿಂತವರಿಗೆ ಬೇಕಾಗಿರುವುದು ಎರಡೇ ವಿಷಯ, ಎಲ್ಲಿ ಇಳಿಯಬೇಕು ಮತ್ತು ಎಲ್ಲಿ ಬದಲಾಯಿಸಬೇಕು.

ಈ ಬಗೆಯ ನಕ್ಷೆಗೆ ದಾರಿ ಹಾಕಿಕೊಟ್ಟವರು ಲಂಡನ್ನಿನ ಹ್ಯಾರಿ ಬೆಕ್. ಅವರು ಅಲ್ಲಿನ ಸುರಂಗ ರೈಲಿನ ಸಿಗ್ನಲ್ ವಿಭಾಗದಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದವರು. ಅಲ್ಲಿಯವರೆಗೆ ಲಂಡನ್ನಿನ ರೈಲು ನಕ್ಷೆ ಊರಿನ ಭೂಪಟವನ್ನೇ ಹೋಲುತ್ತಿತ್ತು. ಊರ ನಡುವೆ ನಿಲ್ದಾಣಗಳು ಒತ್ತೊತ್ತಾಗಿ, ಅಂಚಿನಲ್ಲಿ ದೂರದೂರ. 1931ರಲ್ಲಿ ಬೆಕ್ ಎಲ್ಲ ಗೆರೆಗಳನ್ನೂ ನೇರ ಮಾಡಿದರು. ಅಡ್ಡ, ಉದ್ದ, ಇಲ್ಲವೇ 45 ಡಿಗ್ರಿ ಓರೆ, ಇಷ್ಟೇ. ನಡುವಿನ ಜಾಗವನ್ನು ಹಿಗ್ಗಿಸಿದರು, ಅಂಚನ್ನು ಕುಗ್ಗಿಸಿದರು. ಮೊದಲು ಅಧಿಕಾರಿಗಳು ಒಪ್ಪಲಿಲ್ಲ. 1933ರಲ್ಲಿ ಜೇಬಿನಲ್ಲಿ ಇಟ್ಟುಕೊಳ್ಳುವ ನಕ್ಷೆಯಾಗಿ ಅಚ್ಚಾಯಿತು. ಜನ ತಕ್ಷಣ ಒಪ್ಪಿಕೊಂಡರು. ಬೆಕ್ ಹೊಸದಾಗಿ ಸೇರಿಸಿದ್ದು ಕಡಿಮೆ. ಏನನ್ನು ಕೈಬಿಡಬಹುದು ಎಂದು ಗೊತ್ತುಮಾಡಿಕೊಂಡದ್ದೇ ಅವರ ಹೆಚ್ಚುಗಾರಿಕೆ.

ಅದೇ ನಕ್ಷೆಯನ್ನು ಹಿಡಿದು ಆಟೋ ಓಡಿಸಲು ಆಗುವುದಿಲ್ಲ. ನೀರು ಬಿಡುವ ವಾಲ್ವ್‌ಮನ್‌ಗೆ ಅದರಿಂದ ಏನೂ ಉಪಯೋಗ ಇಲ್ಲ. ಅವರ ತಲೆಯಲ್ಲಿರುವ ಬೆಂಗಳೂರೇ ಬೇರೆ. ಊರು ಒಂದೇ, ಪ್ರಶ್ನೆ ಬೇರೆ, ಹಾಗಾಗಿ ನಕ್ಷೆಯೂ ಬೇರೆ.

ಈಗ ನೀರಿನ ವಿಷಯಕ್ಕೇ ಬರುತ್ತೇನೆ. ಸಾಫ್ಟ್‌ವೇರಿನ ನಂಟುಗಳನ್ನು ವಿವರಿಸಲು ನನಗೆ ಬೆಂಗಳೂರಿನ ಕೆರೆಗಳಿಗಿಂತ ಒಳ್ಳೆಯ ಉದಾಹರಣೆ ಇದುವರೆಗೆ ಸಿಕ್ಕಿಲ್ಲ.

ನಮ್ಮೂರು ದಿಣ್ಣೆಯ ಮೇಲಿದೆ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಒಂದು ಕಡೆಗೆ ಬಿದ್ದ ಮಳೆ ವೃಷಭಾವತಿಗೆ ಸೇರಿ, ಅರ್ಕಾವತಿಗೆ ಹೋಗಿ, ಕಾವೇರಿ ಮುಟ್ಟುತ್ತದೆ. ಇನ್ನೊಂದು ಕಡೆ, ಕೋರಮಂಗಲ ಚಲ್ಲಘಟ್ಟದ ಕಣಿವೆಯಲ್ಲೋ ಹೆಬ್ಬಾಳದ ಕಣಿವೆಯಲ್ಲೋ ಬಿದ್ದದ್ದು ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಇಲ್ಲಿ ದೊಡ್ಡ ಹೊಳೆ ಇಲ್ಲ. ಹಿಂದಿನವರು ಕಣಿವೆ ಉದ್ದಕ್ಕೂ ಒಂದರ ಕೆಳಗೊಂದು ಕೆರೆ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತದೆ. ಅದು ತುಂಬಿದರೆ ಅದರ ಕೆಳಗಿನದಕ್ಕೆ. ಬೆಳ್ಳಂದೂರು ಕೆರೆಯ ನೀರು ವರ್ತೂರು ಕೆರೆಗೆ, ಅಲ್ಲಿಂದ ಪಿನಾಕಿನಿಗೆ.

ಇದರಲ್ಲಿ ಎರಡು ವಿಷಯ ಗಮನಿಸಿ. ಒಂದು, ನೀರು ಒಂದೇ ದಿಕ್ಕಿಗೆ ಹರಿಯುತ್ತದೆ. ವರ್ತೂರಿನ ನೀರು ಬೆಳ್ಳಂದೂರಿಗೆ ವಾಪಸ್ ಬರುವುದಿಲ್ಲ. ಎರಡನೆಯದು, ಕೆಳಗಿನ ಕೆರೆಯ ಪಾಡು ಮೇಲಿನ ಕೆರೆಯ ಕೈಯಲ್ಲಿದೆ. ಮೇಲೆ ಸಾಬೂನಿನ ನೊರೆ ಬಿಟ್ಟರೆ ಕೆಳಗೆ ನೊರೆ ಬರುತ್ತದೆ. ಕಾಲುವೆ ಮುಚ್ಚಿ ಸೈಟು ಮಾಡಿದರೆ ನೀರು ಮನೆಗೆ ನುಗ್ಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಹೊರ ವರ್ತುಲ ರಸ್ತೆಯ ಆಫೀಸುಗಳಿಗೆ ಟ್ರ್ಯಾಕ್ಟರಿನಲ್ಲಿ ಜನ ಹೋದದ್ದು ನಿಮಗೆಲ್ಲ ನೆನಪಿರಬೇಕು. ರಸ್ತೆ ನಕ್ಷೆ ಮಾತ್ರ ನೋಡಿದವರಿಗೆ ಅದು ದಿಢೀರ್ ಬಂದ ಆಪತ್ತು. ಕೆರೆಗಳ ನಂಟು ಗೊತ್ತಿದ್ದವರಿಗೆ ನೀರು ಎಲ್ಲಿಂದ ಬಂತು ಎನ್ನುವುದು ಒಗಟಾಗಿರಲಿಲ್ಲ.

ಸಾಫ್ಟ್‌ವೇರಿನಲ್ಲೂ ಹೀಗೇ. ಒಂದು ಮಾಡ್ಯೂಲ್ ಇನ್ನೊಂದನ್ನು ಬಳಸುತ್ತದೆ ಎಂದರೆ ಬಳಸುವುದು ಕೆಳಗಿನ ಕೆರೆ, ಅದು ಯಾವುದನ್ನು ಬಳಸುತ್ತದೋ ಅದು ಮೇಲಿನ ಕೆರೆ. ಮೇಲೆ ಆದ ಬದಲಾವಣೆ ಕೆಳಗೆ ಇಳಿದು ಬರುತ್ತದೆ. ಎಲ್ಲವೂ ಒಂದೇ ದಿಕ್ಕಿಗೆ ಹರಿಯುತ್ತಿದ್ದರೆ ಕೆಲಸ ಸುಲಭ. ಎಲ್ಲಿ ಕೈ ಹಾಕಿದೆನೋ ಅಲ್ಲಿಂದ ಕೆಳಗೆ ನೋಡಿಕೊಂಡರೆ ಸಾಕು. ಕಷ್ಟ ಶುರುವಾಗುವುದು ನೀರು ತಿರುಗಿ ಮೇಲೆ ಹತ್ತಿದಾಗ. ಕೆರೆಗಳಲ್ಲಿ ಅದು ಆಗದು. ಕೋಡಿನಲ್ಲಿ ಯಾವ ದಿನ ಬೇಕಾದರೂ ಆಗಬಹುದು, ಒಂದೇ ಒಂದು ಸಾಲು ಸಾಕು.

ಅಂಥದ್ದು ನನ್ನ ಕಣ್ಣೆದುರೇ ನಡೆದಿದೆ. ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಒಂದು ಪತ್ತಿನ ಸಹಕಾರ ಸಂಘದ ಸಾಫ್ಟ್‌ವೇರ್. ನಮ್ಮ ಚಿಕ್ಕ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಎಂಟು ಭಾಗ ಇದ್ದವು: ದಿನಾಂಕ, ಸದಸ್ಯರು, ಖಾತೆ, ಬಡ್ಡಿ, ಸಾಲ, ರಶೀದಿ, ಎಸ್‌ಎಂಎಸ್, ವರದಿ. ಒಂದು ದಿನ ಸಂಘದವರು ಫೋನ್ ಮಾಡಿ, "ರಶೀದಿಯಲ್ಲಿ ತಿಂಗಳನ್ನು ಅಂಕಿಯಲ್ಲಿ ಬರೆದರೆ ಹಳ್ಳಿಯ ಸದಸ್ಯರಿಗೆ ಗೊಂದಲ ಆಗುತ್ತೆ, ಹೆಸರಲ್ಲೇ ಬರಲಿ" ಎಂದರು. ನ್ಯಾಯವಾದ ಮಾತು. 03 ಇದ್ದಲ್ಲಿ ಮಾರ್ಚ್ ಎಂದು ಬರುವ ಹಾಗೆ ಮಾಡಿದೆವು. ಹತ್ತು ನಿಮಿಷದ ಕೆಲಸ. ಅಚ್ಚು ಚೆನ್ನಾಗಿ ಬಂತು.

ಮುಂದಿನ ತಿಂಗಳು ಒಬ್ಬ ತಾಯಿ ಸಾಲದ ಕಂತು ಕಟ್ಟಲು ಬಂದರು. ಹೈನುಗಾರಿಕೆಗೆ ತೆಗೆದುಕೊಂಡ ಸಾಲ. ಪ್ರತಿ ತಿಂಗಳೂ ತಪ್ಪದೆ ಕಟ್ಟಿದವರು. ಅವರಿಗೆ ಹನ್ನೊಂದು ತಿಂಗಳ ಬಡ್ಡಿ ಒಟ್ಟಿಗೆ ಬಂದಿತ್ತು. ಅವರು ಹಳೆಯ ಹತ್ತೂ ರಶೀದಿಗಳನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಕೌಂಟರಿನ ಮೇಲೆ ಸಾಲಾಗಿ ಇಟ್ಟರಂತೆ. ಗುಮಾಸ್ತರು ನಮಗೆ ಫೋನ್ ಮಾಡಿ ಅದನ್ನು ಹೇಳಿದಾಗ ನನ್ನ ಹೊಟ್ಟೆಯಲ್ಲಿ ಆದ ಸಂಕಟ ಇನ್ನೂ ನೆನಪಿದೆ. ಲೆಕ್ಕ ಇಟ್ಟುಕೊಂಡಿದ್ದರಿಂದ ಆ ತಾಯಿ ಪಾರಾದರು. ರಶೀದಿ ಕಳೆದುಕೊಂಡವರು ಇದ್ದಿದ್ದರೆ?

ಏನಾಗಿತ್ತು ಎಂದು ಹುಡುಕಿದೆವು. ಮೊದಲು ಬಾಣಗಳ ಚಿತ್ರ ನೋಡಿದೆವು. ಬಡ್ಡಿಗೂ ರಶೀದಿಗೂ ನಡುವೆ ಬಾಣವೇ ಇರಲಿಲ್ಲ. ಆಮೇಲೆ ಒಂದು ಪಟ್ಟಿ ಮಾಡಿದೆವು. ಇದನ್ನು ಬೋರ್ಡಿನ ಮೇಲೆ ಬಿಡಿಸುತ್ತೇನೆ, ನೋಡಿ.

ಎಂಟು ಅಡ್ಡ ಸಾಲು, ಎಂಟು ಕಂಬಸಾಲು. ಎರಡರಲ್ಲೂ ಅದೇ ಎಂಟು ಹೆಸರು, ಅದೇ ಕ್ರಮದಲ್ಲಿ. ಯಾವ ಭಾಗ ಯಾವುದನ್ನು ಬಳಸುತ್ತದೋ ಆ ಮನೆಯಲ್ಲಿ ಒಂದು ಗುರುತು. ಖಾತೆಯ ಸಾಲಿನಲ್ಲಿ ದಿನಾಂಕ ಮತ್ತು ಸದಸ್ಯರ ಕೆಳಗೆ ಗುರುತು. ಬಡ್ಡಿಯ ಸಾಲಿನಲ್ಲಿ ದಿನಾಂಕ ಮತ್ತು ಖಾತೆಗೆ. ಸಾಲದ ಸಾಲಿನಲ್ಲಿ ಸದಸ್ಯರು, ಖಾತೆ, ಬಡ್ಡಿಗೆ. ರಶೀದಿಯ ಸಾಲಿನಲ್ಲಿ ಖಾತೆ ಮತ್ತು ಸಾಲಕ್ಕೆ. ಕ್ರಮ ಹೇಗೆ ಎಂದರೆ, ಯಾರನ್ನೂ ನೆಚ್ಚದೆ ನಿಂತಿರುವುದು ಮೇಲೆ, ಅದನ್ನು ನೆಚ್ಚಿರುವುದು ಅದರ ಕೆಳಗೆ. ಕೆರೆಗಳ ಹಾಗೆಯೇ. ಈಗ ಎಡಗಡೆ ಮೇಲಿನ ಮೂಲೆಯಿಂದ ಬಲಗಡೆ ಕೆಳಗಿನ ಮೂಲೆಗೆ ಒಂದು ಓರೆ ಗೆರೆ ಎಳೆಯಿರಿ. ನೀರು ಸರಿಯಾದ ದಿಕ್ಕಿಗೆ ಹರಿಯುತ್ತಿದ್ದರೆ ಎಲ್ಲ ಗುರುತುಗಳೂ ಆ ಗೆರೆಯ ಕೆಳಗೇ ಇರುತ್ತವೆ. ಗೆರೆಯ ಮೇಲೆ, ಅಂದರೆ ಅದರ ಮೇಲ್ಗಡೆ, ಒಂದು ಗುರುತು ಬಂದರೂ ಅಲ್ಲಿ ನೀರು ಹಿಂದಕ್ಕೆ ಹೋಗುತ್ತಿದೆ.

ಈ ಪಟ್ಟಿಯ ವಿಧಾನವನ್ನು ಡೊನಾಲ್ಡ್ ಸ್ಟೀವರ್ಡ್ 1981ರಲ್ಲಿ ಪ್ರಕಟಿಸಿದರು. ದೊಡ್ಡ ಎಂಜಿನಿಯರಿಂಗ್ ಕೆಲಸಗಳಲ್ಲಿ ಯಾವುದಾದ ಮೇಲೆ ಯಾವುದು ಎಂದು ಜೋಡಿಸಿಕೊಳ್ಳಲು ಮಾಡಿದ್ದು. ಸಾಫ್ಟ್‌ವೇರಿಗೆ ಆಮೇಲೆ ಬಂತು. ಬಾಣಗಳ ಚಿತ್ರದಲ್ಲಿ ನೂರು ಬಾಣದ ನಡುವೆ ಒಂದು ತಪ್ಪು ಬಾಣ ಕಣ್ಣಿಗೆ ಬೀಳುವುದಿಲ್ಲ. ಪಟ್ಟಿಯಲ್ಲಿ ಬೀಳುತ್ತದೆ, ಯಾಕೆಂದರೆ ಅದು ಒಂಟಿಯಾಗಿ ಗೆರೆಯ ಆಚೆ ನಿಂತಿರುತ್ತದೆ. ಬಾಣಗಳು ಒಂದರ ಮೇಲೊಂದು ಹಾಯುತ್ತವೆ, ಪಟ್ಟಿಯ ಮನೆಗಳು ಹಾಯುವುದಿಲ್ಲ. ನೋಡಲು ಅಂಥ ಚೆಂದವೇನೂ ಇಲ್ಲ. ನನಗೆ ಮಾತ್ರ ಇದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದ ಚಿತ್ರ ಇನ್ನೊಂದಿಲ್ಲ.

ಆದರೆ ಕೇಳಿ. ನಾವು ಮೊದಲು ಮಾಡಿದ ಪಟ್ಟಿ ಚೊಕ್ಕವಾಗಿತ್ತು. ಗೆರೆಯ ಮೇಲೆ ಒಂದೂ ಗುರುತು ಇರಲಿಲ್ಲ! ಯಾಕೆಂದರೆ ನಾವು ಗುರುತು ಹಾಕಿದ್ದು ಕೋಡಿನ ಸಾಲುಗಳನ್ನು ನೋಡಿ, ಯಾವ ಫೈಲ್ ಯಾವ ಫೈಲನ್ನು ಕರೆಯುತ್ತದೆ ಎಂದು. ಬಡ್ಡಿಯ ಕೋಡ್ ರಶೀದಿಯ ಕೋಡನ್ನು ಎಲ್ಲೂ ಕರೆದಿರಲಿಲ್ಲ. ಎರಡು ದಿನ ಅಲ್ಲೇ ನಿಂತುಬಿಟ್ಟೆವು. ಆಮೇಲೆ ತಂಡದ ಹುಡುಗಿಯೊಬ್ಬಳು, "ಕೋಡ್ ಬಿಡಿ ಸರ್, ಡೇಟಾಬೇಸಿನಲ್ಲಿ ಯಾವ ಟೇಬಲನ್ನು ಯಾರು ಬರೆಯುತ್ತಾರೆ, ಯಾರು ಓದುತ್ತಾರೆ ಅದನ್ನ ಹಾಕೋಣ" ಎಂದಳು. ಹಾಕಿದೆವು. ನಾಲ್ಕನೇ ಸಾಲು, ಆರನೇ ಕಂಬಸಾಲು. ಬಡ್ಡಿ, ರಶೀದಿ. ಗೆರೆಯ ಮೇಲೆ ಒಂದೇ ಒಂದು ಗುರುತು.

ವರ್ಷಗಳ ಹಿಂದೆ ಯಾರೋ, ಕೊನೆಯ ಕಂತು ಯಾವಾಗ ಕಟ್ಟಿದ್ದಾರೆ ಎನ್ನುವುದನ್ನು ರಶೀದಿಯ ಟೇಬಲಿನಲ್ಲಿ ಅಚ್ಚಿಗೆಂದು ಉಳಿಸಿದ್ದ ಅಕ್ಷರಗಳಿಂದ ಓದುವ ಹಾಗೆ ಬಡ್ಡಿಯ ಕೋಡ್ ಬರೆದಿದ್ದರು. ಅವರಿಗೆ ಅವತ್ತು ಅವಸರ ಇದ್ದಿರಬೇಕು. ಅಲ್ಲಿ 03 ಇದ್ದರೆ ಓದಲು ಬರುತ್ತಿತ್ತು. ಮಾರ್ಚ್ ಎಂದಿದ್ದರೆ ಬರುತ್ತಿರಲಿಲ್ಲ. ಓದಲು ಬರದಿದ್ದರೆ ಸಾಲ ಕೊಟ್ಟ ದಿನವನ್ನೇ ತೆಗೆದುಕೊಳ್ಳುತ್ತಿತ್ತು. ಹಾಗಾಗಿ ಹನ್ನೊಂದು ತಿಂಗಳ ಬಡ್ಡಿ. ಬಡ್ಡಿ ರಶೀದಿಯನ್ನು ನೆಚ್ಚಿತ್ತು, ರಶೀದಿ ಸಾಲವನ್ನು, ಸಾಲ ಮತ್ತೆ ಬಡ್ಡಿಯನ್ನು. ನೀರು ಸುತ್ತು ಹೊಡೆಯುತ್ತಿತ್ತು.

ಸರಿ ಮಾಡಿದ್ದು ಸುಲಭವಾಗಿ. ಕಂತು ಕಟ್ಟಿದ ದಿನವನ್ನು ಖಾತೆಯಲ್ಲೇ ಇಟ್ಟೆವು. ಬಡ್ಡಿ ಅಲ್ಲಿಂದ ಓದುತ್ತದೆ, ರಶೀದಿಯೂ ಅಲ್ಲಿಂದಲೇ ತೆಗೆದು ಅಚ್ಚು ಹಾಕುತ್ತದೆ. ಗುರುತು ಹೋಯಿತು. ಸಾಫ್ಟ್‌ವೇರ್ ವಿಜ್ಞಾನಿ ಡೇವಿಡ್ ಪಾರ್ನಸ್ 1972ರಲ್ಲೇ ಈ ಮಾತು ಹೇಳಿದ್ದರು. ಮುಂದೆ ಬದಲಾಗಬಹುದಾದ ಒಂದೊಂದು ತೀರ್ಮಾನವನ್ನೂ ಒಂದೊಂದು ಮಾಡ್ಯೂಲಿನ ಒಳಗೆ ಬಚ್ಚಿಡಿ, ಹೊರಗಿನವರಿಗೆ ಅದು ಗೊತ್ತಾಗಬಾರದು ಎಂದು. ದಿನಾಂಕ ಕಾಗದದ ಮೇಲೆ ಹೇಗೆ ಕಾಣಬೇಕು ಎನ್ನುವುದು ರಶೀದಿಯ ಮನೆಯೊಳಗಿನ ವಿಷಯ. ಅದು ಬಡ್ಡಿಯ ಮನೆಗೆ ಹೋಗಿ ಕೂತಿತ್ತು.

ಈ ಕತೆಯನ್ನು ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣ ಇದೆ. "ನಂಟು" ಎನ್ನುವುದು ಒಂದೇ ಬಗೆಯದ್ದಲ್ಲ. ಕೋಡ್ ಕರೆಯುವ ನಂಟು ಒಂದು, ಡೇಟಾ ಹಂಚಿಕೊಳ್ಳುವ ನಂಟು ಇನ್ನೊಂದು. ಮೊದಲನೆಯದರ ಚಿತ್ರ ನೋಡಿ "ಎಲ್ಲ ಸರಿಯಾಗಿದೆ" ಎಂದುಕೊಂಡು ನಾವು ಎರಡು ದಿನ ಕಳೆದೆವು. ಚಿತ್ರ ಬಿಡಿಸುವ ಮುನ್ನ ಯಾವ ನಂಟು ಎಂದು ಕೇಳಿಕೊಂಡಿರಲಿಲ್ಲ.

ಮೂರನೆಯ ಬಗೆಯ ನಂಟೂ ಇದೆ, ಅದು ಕಾಲದ್ದು. ನಿಮ್ಮೆಲ್ಲರ ಹತ್ತಿರ ಗಿಟ್ ಇದೆ. ಯಾವ ದಿನ ಯಾರು ಯಾವ ಫೈಲ್ ಮುಟ್ಟಿದರು ಎನ್ನುವ ಪೂರ್ತಿ ಲೆಕ್ಕ ಅದರಲ್ಲಿದೆ. ಕಳೆದ ಒಂದು ವರ್ಷದ ಕಮಿಟ್‌ಗಳನ್ನು, ಅಂದರೆ ಒಂದೊಂದು ಸಲ ಒಟ್ಟಿಗೆ ದಾಖಲಿಸಿದ ಬದಲಾವಣೆಗಳನ್ನು, ತೆಗೆದುಕೊಂಡು, ಯಾವ ಎರಡು ಫೈಲ್‌ಗಳು ಒಂದೇ ಕಮಿಟ್‌ನಲ್ಲಿ ಎಷ್ಟು ಸಲ ಬದಲಾದವು ಎಂದು ಸುಮ್ನೆ ಎಣಿಸಿ. ನಾವು ಆಮೇಲೆ ಎಣಿಸಿ ನೋಡಿದೆವು. ರಶೀದಿ ಬದಲಾದಾಗೆಲ್ಲ ಬಡ್ಡಿಯೂ ಬದಲಾಗಿತ್ತು. ಹಿಂದಿನವರಿಗೆ ಈ ಗುಟ್ಟು ಗೊತ್ತಿತ್ತು, ಒಂದನ್ನು ಮುಟ್ಟಿದರೆ ಇನ್ನೊಂದನ್ನೂ ಸರಿಮಾಡಿ ಹೋಗುತ್ತಿದ್ದರು. ಗೊತ್ತಿದ್ದವರು ಕೆಲಸ ಬಿಟ್ಟು ಹೋದರು, ಗುಟ್ಟು ಗಿಟ್‌ನಲ್ಲಿ ಉಳಿಯಿತು. ಕೆರೆಯ ತೂಬು ಯಾವಾಗ ಎತ್ತಬೇಕು, ಯಾವ ಗದ್ದೆಗೆ ಎಷ್ಟು ನೀರು ಎನ್ನುವುದು ಊರಿನ ನೀರುಗಂಟಿಗೆ ಮಾತ್ರ ಗೊತ್ತಿರುತ್ತಿತ್ತಲ್ವಾ, ಹಾಗೆ. ಒಂದು ಎಚ್ಚರಿಕೆ: ಇಡೀ ಕೋಡಿನ ಖಾಲಿ ಜಾಗಗಳನ್ನು ಸರಿಪಡಿಸಿದಂಥ ದೊಡ್ಡ ಕಮಿಟ್‌ಗಳನ್ನು ಲೆಕ್ಕದಿಂದ ತೆಗೆಯಿರಿ. ಇಲ್ಲದಿದ್ದರೆ ಎಲ್ಲಕ್ಕೂ ಎಲ್ಲದರ ಜೊತೆ ನಂಟಿದೆ ಎಂದು ಬರುತ್ತದೆ.

ಬೇರೆ ಬಗೆಯ ಚಿತ್ರಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಸಾಫ್ಟ್‌ವೇರಿನ ಚಿತ್ರ ಬಿಡಿಸುವ ಸಂಕೇತಗಳ ಭಾಷೆಯಾದ ಯುಎಂಎಲ್ ನೀವೆಲ್ಲ ಕಾಲೇಜಿನಲ್ಲಿ ಓದಿದ್ದೀರಿ, 1997ರಲ್ಲಿ ಅದು ಮಾನಕವಾಯಿತು. ಅದರ ಅನುಕ್ರಮ ಚಿತ್ರ, ಅಂದರೆ ಯಾವುದಾದ ಮೇಲೆ ಯಾವುದು ನಡೆಯುತ್ತದೆ ಎಂದು ತೋರಿಸುವುದು, ನನಗೆ ಇವತ್ತಿಗೂ ಬೇಕು, ಉಳಿದದ್ದು ಅಷ್ಟಾಗಿ ಬೇಕಾಗಿಲ್ಲ. ಡ್ಯಾನಿ ಹೋಲ್ಟನ್ 2006ರಲ್ಲಿ ಗೆರೆಗಳನ್ನು ಕೇಬಲ್ ಕಟ್ಟಿದ ಹಾಗೆ ಕಂತೆ ಮಾಡುವ ದಾರಿ ತೋರಿಸಿದರು, ಸಾವಿರಾರು ಗೆರೆ ಇದ್ದರೂ ಹರಿವು ಎಲ್ಲಿ ದಪ್ಪ ಎಂದು ಗೊತ್ತಾಗುತ್ತದೆ. ಸ್ವಿಟ್ಜರ್ಲೆಂಡಿನ ಲುಗಾನೋದ ರಿಚರ್ಡ್ ವೆಟೆಲ್ ಮತ್ತು ಮಿಕೆಲೆ ಲಾಂಜಾ ಕೋಡನ್ನು ಊರಿನ ಹಾಗೆ ಕಟ್ಟಿ ತೋರಿಸಿದರು. ಕೋಡಿನ ಒಂದೊಂದು ಘಟಕ, ಅಂದರೆ ಕ್ಲಾಸ್, ಒಂದೊಂದು ಕಟ್ಟಡ, ಅದು ಮಾಡುವ ಕೆಲಸಗಳು, ಅಂದರೆ ಮೆಥಡ್, ಜಾಸ್ತಿ ಇದ್ದಷ್ಟೂ ಎತ್ತರ, ಕ್ಲಾಸ್‌ಗಳ ಗುಂಪಾದ ಪ್ಯಾಕೇಜ್ ಎಂದರೆ ಬಡಾವಣೆ. ನೋಡಿದ ತಕ್ಷಣ ಎಲ್ಲಿ ಏನು ಅತಿಯಾಗಿ ಬೆಳೆದಿದೆ ಎಂದು ತಿಳಿಯುತ್ತದೆ.

ಬೆನ್ ಶ್ನೈಡರ್‌ಮನ್ ಅವರ ಟ್ರೀಮ್ಯಾಪ್ ಬಗ್ಗೆ ಮಾತ್ರ ಎರಡು ಮಾತು ಜಾಸ್ತಿ ಹೇಳಬೇಕು. 1990ರಲ್ಲಿ ಅವರ ಪ್ರಯೋಗಾಲಯದಲ್ಲಿ 14 ಜನ ಸೇರಿ 80 ಎಂಬಿಯ ಒಂದು ಹಾರ್ಡ್ ಡಿಸ್ಕ್ ಬಳಸುತ್ತಿದ್ದರು. ಅದು ಪದೇ ಪದೇ ತುಂಬುತ್ತಿತ್ತು. ಯಾರ ಫೈಲ್ ಜಾಗ ತಿನ್ನುತ್ತಿದೆ ಎಂದು ತಿಳಿಯಬೇಕಿತ್ತು. ಪರದೆಯನ್ನೇ ಹೊಲ ಪಾಲು ಮಾಡಿದ ಹಾಗೆ ಆಯತಗಳಾಗಿ ಹಂಚಿದರು, ಫೈಲ್ ದೊಡ್ಡದಿದ್ದರೆ ಆಯತವೂ ದೊಡ್ಡದು. ಇವತ್ತು ಶೇರು ಮಾರುಕಟ್ಟೆಯ ಪುಟಗಳಲ್ಲೂ ಆ ಚಿತ್ರ ಕಾಣುತ್ತೀರಿ. ಅದು ಹುಟ್ಟಿದ್ದು ಡಿಸ್ಕ್ ತುಂಬಿತಲ್ಲಾ ಎಂಬ ತಲೆನೋವಿನಿಂದ.

ಇನ್ನು ನಮ್ಮ ಕೋಡಿನ ಹೊರಗಿರುವ ಕೆರೆಗಳು. 2016ರ ಮಾರ್ಚ್‌ನಲ್ಲಿ ಲೆಫ್ಟ್‌ಪ್ಯಾಡ್ ಎನ್ನುವ 11 ಸಾಲಿನ ಒಂದು ಲೈಬ್ರರಿಯನ್ನು, ಅಂದರೆ ಬೇರೆಯವರೂ ಬಳಸಲೆಂದು ಬರೆದಿಟ್ಟ ಕೋಡನ್ನು, ಬರೆದವರು ಅಂಥವುಗಳನ್ನು ಇಡುವ ಎನ್‌ಪಿಎಂ ಎನ್ನುವ ಉಗ್ರಾಣದಿಂದ ತೆಗೆದುಬಿಟ್ಟರು. ಪ್ರಪಂಚದಾದ್ಯಂತ ಬಿಲ್ಡ್‌ಗಳು, ಅಂದರೆ ಕೋಡನ್ನು ಜೋಡಿಸಿ ಓಡುವ ಸಾಫ್ಟ್‌ವೇರ್ ಮಾಡುವ ಕೆಲಸ, ನಿಂತವು. ತುಂಬ ಜನಕ್ಕೆ ತಾವು ಅದನ್ನು ಬಳಸುತ್ತಿದ್ದೇವೆ ಎಂದೇ ಗೊತ್ತಿರಲಿಲ್ಲ, ಅವರು ಬಳಸಿದ ಲೈಬ್ರರಿ ಬಳಸುತ್ತಿದ್ದ ಇನ್ನೊಂದು ಲೈಬ್ರರಿ ಅದನ್ನು ಬಳಸುತ್ತಿತ್ತು. 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ಎನ್ನುವ, ತುಂಬ ಕಡೆ ಬಳಸುವ ಲೈಬ್ರರಿಯಲ್ಲಿ ದೊಡ್ಡ ಭದ್ರತಾ ದೋಷ ಹೊರಬಂದಾಗಲೂ ಅದೇ. "ನಮ್ಮಲ್ಲಿ ಅದು ಇದೆಯಾ?" ಎನ್ನುವ ಸರಳ ಪ್ರಶ್ನೆಗೆ ಉತ್ತರ ಕೊಡಲು ತಂಡಗಳು ರಾತ್ರಿಯೆಲ್ಲ ಕೂತವು. ನಿಮ್ಮ ಕೆರೆಗೆ ನೀರು ಬರುವುದು ಎಷ್ಟು ಕೆರೆ ದಾಟಿ ಎಂದು ಒಮ್ಮೆ ಮೇಲಿನವರೆಗೂ ಹೋಗಿ ನೋಡಿ. ಇದನ್ನು ಮುಂದೆ ಹಾಕಬೇಡಿ, ಸೋಮವಾರವೇ ಮಾಡಿ.

ಜನರ ನಂಟಿನ ಬಗ್ಗೆಯೂ ಒಂದು ಮಾತು. ಮೆಲ್ವಿನ್ ಕಾನ್‌ವೇ 1968ರಲ್ಲಿ ಬರೆದರು, ಒಂದು ಸಂಸ್ಥೆ ಕಟ್ಟುವ ಸಿಸ್ಟಮ್‌ನ ಆಕಾರ ಆ ಸಂಸ್ಥೆಯೊಳಗೆ ಯಾರು ಯಾರ ಜೊತೆ ಮಾತಾಡುತ್ತಾರೆ ಎನ್ನುವುದರ ಆಕಾರವನ್ನೇ ಹೋಲುತ್ತದೆ ಎಂದು. ಒಂದು ತಂಡ ವೈಟ್‌ಫೀಲ್ಡ್‌ನಲ್ಲಿ, ಇನ್ನೊಂದು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇದ್ದು, ಅವರು ತಿಂಗಳಿಗೊಮ್ಮೆ ಮಾತ್ರ ಮಾತಾಡಿದರೆ ಅವರ ಕೋಡಿನ ನಡುವೆಯೂ ಅಷ್ಟೇ ದೂರ ಇರುತ್ತದೆ. ನಿಮ್ಮ ಪಟ್ಟಿಯಲ್ಲಿ ಒಂದೊಂದು ತಂಡದ ಭಾಗಕ್ಕೆ ಒಂದೊಂದು ಬಣ್ಣ ಹಚ್ಚಿ ನೋಡಿ. ಗೆರೆಯ ಮೇಲಿನ ಗುರುತು ಎರಡು ಬಣ್ಣಗಳ ನಡುವೆ ಇದ್ದರೆ, ಕೋಡ್ ಸರಿಮಾಡುವ ಮುನ್ನ ಎರಡು ತಂಡಗಳನ್ನು ಒಂದು ಕಡೆ ಕೂರಿಸಿ ಕಾಫಿ ಕೊಡಿಸಬೇಕು.

ನಾನು ಹೇಗೆ ಬಿಡಿಸುತ್ತೇನೆ ಎಂದು ಕೇಳಿದ್ದೀರಿ. ಹಾಳೆಯ ತಲೆಯ ಮೇಲೆ ಮೊದಲು ಪ್ರಶ್ನೆಯನ್ನು ಪೂರ್ತಿ ವಾಕ್ಯವಾಗಿ ಬರೆಯುತ್ತೇನೆ. "ಬಡ್ಡಿ ದರ ಬದಲಾಯಿಸಿದರೆ ಯಾವ ವರದಿಗಳು ಬದಲಾಗುತ್ತವೆ?" ಹೀಗೆ. ಆ ಪ್ರಶ್ನೆಗೆ ಬೇಡದ ಚೌಕಗಳನ್ನು ಹಾಕುವುದಿಲ್ಲ. ಬಾಣಕ್ಕೆ ಏನರ್ಥ ಎಂದು ಮೂಲೆಯಲ್ಲಿ ಬರೆಯುತ್ತೇನೆ: ಕರೆಯುತ್ತದೆಯೋ, ಓದುತ್ತದೆಯೋ, ಕಾಯುತ್ತದೆಯೋ. ಒಂದೇ ಚಿತ್ರದಲ್ಲಿ ಬಾಣಕ್ಕೆ ಎರಡು ಅರ್ಥ ಇರಕೂಡದು. ತಾರೀಖು ಹಾಕುತ್ತೇನೆ. ಕೈಯಲ್ಲಿ ಬಿಡಿಸಿದ್ದು ಮೂರು ತಿಂಗಳಲ್ಲಿ ಹಳತಾಗುತ್ತದೆ, ಹಾಗಾಗಿ ಪದೇ ಪದೇ ಬೇಕಾಗುವ ಚಿತ್ರವನ್ನು ಗ್ರಾಫ್‌ವಿಜ್‌ನಂಥ ಸಾಧನದಿಂದ ಕೋಡಿನಿಂದಲೇ ತೆಗೆಯುತ್ತೇವೆ, ದಿನಾ ರಾತ್ರಿ ಬಿಲ್ಡ್ ಜೊತೆ. ಗೆರೆಯ ಮೇಲೆ ಹೊಸ ಗುರುತು ಬಂದರೆ ಬಿಲ್ಡ್ ನಿಲ್ಲುತ್ತದೆ.

ದೊಡ್ಡ ಸಿಸ್ಟಮ್ ಆದರೆ ಒಂದೇ ಎತ್ತರದಿಂದ ನೋಡಲು ಆಗದು. ಜಮೀನಿನ ವ್ಯವಹಾರ ಗೊತ್ತಿದ್ದವರಿಗೆ ಇದು ಹೊಸದಲ್ಲ. ತಾಲೂಕು ನಕ್ಷೆ ಬೇರೆ, ಗ್ರಾಮ ನಕ್ಷೆ ಬೇರೆ, ಒಂದು ಸರ್ವೆ ನಂಬರಿನ ಸ್ಕೆಚ್ ಬೇರೆ. ಸ್ಕೆಚ್‌ನಲ್ಲಿ ಹುಣಸೆ ಮರ, ಬಾವಿ ಇರಬಹುದು, ತಾಲೂಕು ನಕ್ಷೆಯಲ್ಲಿ ಅವನ್ನು ಯಾರೂ ಹುಡುಕುವುದಿಲ್ಲ. ಸೈಮನ್ ಬ್ರೌನ್ ಅವರ ಸಿಫೋರ್ ಮಾದರಿಯೂ ಹೀಗೇ ನಾಲ್ಕು ಎತ್ತರಗಳನ್ನು ಹೇಳುತ್ತದೆ. ಹೊರಗಿನ ಜಗತ್ತಿನ ಜೊತೆ ಸಿಸ್ಟಮ್, ಅದರೊಳಗೆ ಬೇರೆ ಬೇರೆಯಾಗಿ ಓಡುವ ತುಂಡುಗಳು, ಅವುಗಳ ಒಳಗಿನ ಭಾಗಗಳು, ಕೊನೆಗೆ ಕೋಡ್. ಕೊನೆಯದನ್ನು ಬಿಡಿಸಬೇಕಾದ ಸಂದರ್ಭ ಕಡಿಮೆ.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು, "ಸರ್, ಈಗ ಎಐಗೆ ಕೋಡ್ ಕೊಟ್ಟರೆ ಅದೇ ಚಿತ್ರ ಬಿಡಿಸುತ್ತೆ ಅಲ್ವಾ?" ಬಿಡಿಸುತ್ತದೆ. ನಾನೂ ಬಳಸುತ್ತೇನೆ. "ಸಿಸ್ಟಮ್‌ನ ಚಿತ್ರ ಕೊಡು" ಎಂದರೆ ಅದು ಕೊಡುವುದು ಗೋಡೆಯ ನಕ್ಷೆಯನ್ನೇ, ಸ್ವಲ್ಪ ಅಂದವಾಗಿ. ಪ್ರಶ್ನೆ ಕೊಟ್ಟರೆ ಉಪಯೋಗಕ್ಕೆ ಬರುವುದು ಬರುತ್ತದೆ. ಬಂದ ಮೇಲೆ ಅದರಲ್ಲಿ ಮೂರು ಬಾಣ ಆರಿಸಿ, ಒಂದೊಂದಕ್ಕೂ ಕೋಡಿನ ಯಾವ ಸಾಲು ಆಧಾರ ಎಂದು ಹುಡುಕಿ. ಒಂದು ಸಿಗದಿದ್ದರೂ ಇಡೀ ಚಿತ್ರವನ್ನು ಮತ್ತೆ ನೋಡಬೇಕು.

ಕುರ್ಚಿಗಳನ್ನು ಎತ್ತಿಡುವ ಹೊತ್ತಿಗೆ ಒಬ್ಬ ವಿದ್ಯಾರ್ಥಿನಿ ನೋಟ್‌ಬುಕ್ ಹಿಡಿದು ಬಂದಳು. ಅವರ ಹಾಸ್ಟೆಲ್ ಮೆಸ್ಸಿಗೆಂದು ಗೆಳತಿಯರು ಸೇರಿ ಒಂದು ಆ್ಯಪ್ ಮಾಡಿದ್ದಾರೆ. ಆರು ಭಾಗ. ನಾನು ಮಾತಾಡುತ್ತಿದ್ದಾಗಲೇ ಅವಳು ಪಟ್ಟಿ ಹಾಕಿದ್ದಳು, ಟೇಬಲ್‌ಗಳನ್ನೂ ಸೇರಿಸಿ. ಓರೆ ಗೆರೆಯ ಮೇಲೆ ಒಂದು ಗುರುತು ಇತ್ತು. ಹಾಜರಿ ಭಾಗ ಬಿಲ್ಲಿನ ಟೇಬಲಿನಿಂದ ಏನೋ ಓದುತ್ತಿತ್ತು. "ಇದಕ್ಕೇ ಇರಬೇಕು ಸರ್, ರಜೆ ಹಾಕಿದವರಿಗೂ ಊಟದ ಬಿಲ್ ಬರ್ತಾ ಇದ್ದಿದ್ದು" ಎಂದಳು. ಅಲ್ಲೇ ಮೆಟ್ಟಿಲ ಮೇಲೆ ಕೂತು ಲ್ಯಾಪ್‌ಟಾಪ್ ತೆಗೆದು ಆ ಸಾಲನ್ನು ಹುಡುಕಲು ಶುರು ಮಾಡಿದಳು.